ಮೇ ಒಂದರ ಹಾಜರಿ ಪುಸ್ತಕ

ಮೇ 1ರ ಪತ್ರಿಕೆಯಲ್ಲಿ ಒಂದು ಚಿತ್ರ ಇದ್ದೇ ಇರುತ್ತದೆ. ತಲೆಯ ಮೇಲೆ ಇಟ್ಟಿಗೆ ಹೊತ್ತ ಹೆಂಗಸು, ಇಲ್ಲವೇ ಧಕ್ಕೆಯಲ್ಲಿ ಮೀನಿನ ಬುಟ್ಟಿ ಎತ್ತುವ ಗಂಡಸು. ಅಡಿಯಲ್ಲಿ, ಕಾರ್ಮಿಕರ ದಿನವೂ ಇವರಿಗೆ ಬಿಡುವಿಲ್ಲ ಎಂಬರ್ಥದ ಒಂದು ಸಾಲು. ಮಾತು ಸುಳ್ಳಲ್ಲ, ಆದರೆ ಸವೆದುಹೋಗಿದೆ. ಆ ದಿನ ಮಂಗಳೂರಿನಲ್ಲಿ ಬ್ಯಾಂಕು ಮುಚ್ಚಿರುತ್ತದೆ, ಸರ್ಕಾರಿ ಕಚೇರಿ ಮುಚ್ಚಿರುತ್ತದೆ, ದೊಡ್ಡ ಕಾರ್ಖಾನೆಯ ಖಾಯಂ ನೌಕರನಿಗೆ ಸಂಬಳ ಸಹಿತ ರಜೆ. ಸ್ಟೇಟ್ ಬ್ಯಾಂಕ್ ನಿಲ್ದಾಣದಲ್ಲಿ ಸಿಟಿ ಬಸ್ಸಿನ ಕಂಡಕ್ಟರು ಮಾತ್ರ ಎಂದಿನಂತೆ ಬಾಗಿಲು ಬಡಿದು ಕೂಗುತ್ತಿರುತ್ತಾನೆ. ನನ್ನ ಕುತೂಹಲ ಈ ಎರಡು ಸಾಲುಗಳ ನಡುವಿನ ಗೆರೆಯದು. ಅದನ್ನು ಎಳೆದವರು ಯಾರು, ಯಾವಾಗ ಎಳೆದರು, ಅದು ಎಂದಾದರೂ ಸರಿದಿದೆಯೇ?

ಕಾನೂನಿನ ಉತ್ತರ ಚಿಕ್ಕದು. ಕೈಗಾರಿಕಾ ಸಂಸ್ಥೆಗಳ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಬಗ್ಗೆ ನಮ್ಮ ರಾಜ್ಯದಲ್ಲಿ 1963ರ ಕಾಯ್ದೆಯೊಂದಿದೆ. ಜನವರಿ 26, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1ರ ಸಾಲಿನಲ್ಲೇ ಮೇ 1ಕ್ಕೂ ಅಲ್ಲಿ ಸಂಬಳ ಸಹಿತ ರಜೆ. ಆ ದಿನದ ಹಿಂದಿನ ಕಥೆ ಬಹುತೇಕರಿಗೆ ಗೊತ್ತು: 1886ರ ಮೇ ತಿಂಗಳಲ್ಲಿ ದಿನಕ್ಕೆ ಎಂಟು ಗಂಟೆ ದುಡಿಮೆ ಸಾಕೆಂದು ಹೂಡಿದ ಮುಷ್ಕರ, ಷಿಕಾಗೋದ ಹೇಮಾರ್ಕೆಟ್ ಚೌಕದ ಬಾಂಬು, ಮರುವರ್ಷ ನಾಲ್ವರಿಗೆ ಗಲ್ಲು. ಭಾರತದಲ್ಲಿ ಮೊದಲ ಮೇ ದಿನ ಆಚರಿಸಿದ್ದು 1923ರಲ್ಲಿ, ಮದ್ರಾಸಿನಲ್ಲಿ, ಸಿಂಗಾರವೇಲರ್. ಆಗ ದಕ್ಷಿಣ ಕನ್ನಡವೂ ಮದ್ರಾಸ್ ಪ್ರಾಂತ್ಯದ ಒಂದು ಜಿಲ್ಲೆ. ಅಂದರೆ ಕೆಂಬಾವುಟ ನಮ್ಮೂರಿಗೆ ಬಂದದ್ದು ಬೆಂಗಳೂರಿನಿಂದಲ್ಲ, ಮದ್ರಾಸು ಮಲಬಾರುಗಳ ಕಡೆಯಿಂದ. 1941ರ ಮಾರ್ಚಿನಲ್ಲಿ ರೈತರ ಘರ್ಷಣೆ ನಡೆದ ಕಯ್ಯೂರು ಆಗಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇತ್ತು; ಆ ಪ್ರಕರಣದಲ್ಲಿ 1943ರಲ್ಲಿ ನಾಲ್ವರನ್ನು ಗಲ್ಲಿಗೇರಿಸಿದ್ದು ಮಲಬಾರಿನ ಕಣ್ಣೂರು ಜೈಲಿನಲ್ಲಿ. ನಿರಂಜನರ ‘ಚಿರಸ್ಮರಣೆ’ಯನ್ನು ಓದಿದವರಿಗೆ ಇದು ಹೊಸತಲ್ಲ. ಅದೇ ದಶಕದಲ್ಲಿ ಮಂಗಳೂರಿನ ಹೆಂಚು, ಬೀಡಿ ಕಾರ್ಮಿಕರ ನಡುವೆ ಸಂಘಗಳು ಬಲಿತವು. ಕಾಸರಗೋಡಿನ ಬೇವಿಂಜೆಯಿಂದ ಬಂದ ಬಿ.ವಿ. ಕಕ್ಕಿಲ್ಲಾಯರಂಥವರು ಆ ಪೀಳಿಗೆಯವರು.

ಆದರೆ ದುಡಿಮೆಗೆ ಬಿಡುವು ಬೇಕೆನ್ನುವುದನ್ನು ತುಳುನಾಡು ಷಿಕಾಗೋದಿಂದ ಕಲಿಯಬೇಕಿರಲಿಲ್ಲ. ಫೆಬ್ರವರಿ ಎರಡನೇ ವಾರದಲ್ಲಿ ಕೆಡ್ಡಸ ಬರುತ್ತದೆ. ಭೂಮಿತಾಯಿ ಮುಟ್ಟಾದಳು ಎಂಬ ನಂಬಿಕೆಯಲ್ಲಿ ಮೂರು ದಿನ ಉಳುವಂತಿಲ್ಲ, ಅಗೆಯುವಂತಿಲ್ಲ, ಮರ ಕಡಿಯುವಂತಿಲ್ಲ. ಹುರಿದ ಅಕ್ಕಿಹಿಟ್ಟಿಗೆ ಬೆಲ್ಲ, ಕಾಯಿ ಬೆರೆಸಿ ಹಂಚಿ ತಿನ್ನುತ್ತಾರೆ. ದುಡಿಯುವವಳು ಭೂಮಿ, ಆದ್ದರಿಂದ ರಜೆ ಅವಳಿಗೆ ಎಂಬ ಈ ತರ್ಕ ನನಗೆ ಬಹಳ ಇಷ್ಟ. ಆ ತಿಂಡಿ ಮಾಡುವ ಹೆಂಗಸಿಗೆ ಆ ಮೂರು ದಿನವೂ ಒಲೆಯಿಂದ ಬಿಡುಗಡೆ ಇರಲಿಲ್ಲ ಎನ್ನುವುದನ್ನೂ ಮರೆಯಬಾರದು. ಆಯುಧಪೂಜೆಯದೂ ಇದೇ ಜಾತಿಯ ಬಿಡುವು. ಬಸ್ಸು, ಲೇತು, ಅಚ್ಚುಯಂತ್ರಗಳು ತೊಳೆಸಿಕೊಂಡು, ಹೂವಿನ ಮಾಲೆ ಹಾಕಿಸಿಕೊಂಡು ಕೂರುತ್ತವೆ. ಅಂದು ಪೂಜೆ ಸಲಕರಣೆಗೆ, ಅದನ್ನು ಹಿಡಿಯುವ ಕೈಗೆ ಚರುಮುರಿ ಪೊಟ್ಟಣ.

ಕರಾವಳಿಯ ನಿಜವಾದ ದೀರ್ಘ ರಜೆ ಹಬ್ಬದ್ದಲ್ಲ, ಮಳೆಯದು. ಮೇ ಕೊನೆಯ ಪತ್ತನಾಜೆಗೆ ಕೋಲ, ನೇಮ, ಯಕ್ಷಗಾನದ ತಿರುಗಾಟ ಎಲ್ಲ ನಿಲ್ಲುತ್ತವೆ. ಮೇಳದ ಕಲಾವಿದ ಗೆಜ್ಜೆ ಬಿಚ್ಚಿದರೆ ಮತ್ತೆ ಕಟ್ಟುವುದು ಮಳೆಗಾಲ ಮುಗಿದ ಮೇಲೆ. ಆಟಿ ತಿಂಗಳಲ್ಲಿ ಗದ್ದೆಯ ಕೆಲಸವೂ ಇಲ್ಲ, ಕಣಜದಲ್ಲಿ ಅಕ್ಕಿಯೂ ಇಲ್ಲ. ಕೆಸುವಿನ ಎಲೆ, ಕಣಿಲೆ, ಹಲಸಿನ ಬೀಜ ತಿಂದು ಆ ದಿನಗಳನ್ನು ದಾಟುತ್ತಿದ್ದರು. ಈಗ ಅದೇ ತಿನಿಸುಗಳನ್ನು ಹವಾನಿಯಂತ್ರಿತ ಸಭಾಂಗಣಗಳಲ್ಲಿ ‘ಆಟಿಡೊಂಜಿ ದಿನ’ ಎಂದು ಬಡಿಸುತ್ತಾರೆ. ತಪ್ಪೇನಿಲ್ಲ, ರುಚಿಯಾಗಿಯೇ ಇರುತ್ತವೆ. ಆದರೆ ಕೂಲಿಯಿಲ್ಲದ ಬಿಡುವಿಗೆ ನಮ್ಮ ಹಿರಿಯರು ಇಟ್ಟಿದ್ದ ಹೆಸರು ಹಸಿವು. ದುಡಿಮೆ ಶ್ರೇಷ್ಠ ಎನ್ನುವವರು ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನು ಇನ್ನೊಮ್ಮೆ ತೆರೆಯಬಹುದು. ಅದು ಅಚ್ಚಾದದ್ದು 1933ರಲ್ಲಿ. ಚೋಮನಿಗೆ ಕೊರತೆಯಿದ್ದದ್ದು ದುಡಿಮೆಯದಲ್ಲ, ತನ್ನದೆನ್ನುವ ತುಂಡು ಗದ್ದೆಯದು. 1974ರ ಭೂಸುಧಾರಣೆ ತಿದ್ದುಪಡಿಯ ನಂತರ ಈ ಜಿಲ್ಲೆಯ ಗೇಣಿದಾರರು ದೊಡ್ಡ ಸಂಖ್ಯೆಯಲ್ಲಿ ಒಡೆಯರಾದರು. ಗೇಣಿ ಚೀಟಿಯೂ ಇಲ್ಲದೆ ಬರೀ ಮೈಯಿಂದ ದುಡಿದ ಚೋಮನಂಥವರಿಗೆ ಅರ್ಜಿ ಫಾರಂನಲ್ಲಿ ತುಂಬಲು ಏನೂ ಇರಲಿಲ್ಲ.

ಗಡಿಯಾರದ ದುಡಿಮೆ ಮಂಗಳೂರಿಗೆ ಬಂದದ್ದು ಬಾಸೆಲ್ ಮಿಷನ್ ಜೊತೆ. 1834ರಲ್ಲಿ ಇಳಿದ ಪಾದ್ರಿಗಳಿಗೆ ಕೆಲವೇ ವರ್ಷಗಳಲ್ಲಿ ಒಂದು ತೊಡಕು ಎದುರಾಯಿತು. ಮತಾಂತರವಾದವರು ಜಾತಿಯ ಜೊತೆಗೆ ಕಸುಬನ್ನೂ ಕಳೆದುಕೊಳ್ಳುತ್ತಿದ್ದರು. ಹಾಗಾಗಿ ಅಚ್ಚುಕೂಟ, 1851ರ ಹೊತ್ತಿಗೆ ಹಾಲರ್ ನೋಡಿಕೊಂಡ ನೇಯ್ಗೆ, 1865ರಲ್ಲಿ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಶುರುಮಾಡಿದ ಹೆಂಚಿನ ಕಾರ್ಖಾನೆ. (ಖಾಕಿ ಬಣ್ಣ ಹುಟ್ಟಿದ್ದು ಹಾಲರ್‌ನ ನೇಯ್ಗೆಶಾಲೆಯಲ್ಲಿ ಎಂಬುದು ಊರಿನ ಹೆಮ್ಮೆಯ ಮಾತು. ಇವತ್ತು ಅದನ್ನು ತೊಟ್ಟು ಮೇ ಒಂದರಂದೂ ಬೀದಿಯಲ್ಲಿರುವವರು ರಿಕ್ಷಾ ಚಾಲಕರು.) ಹೊಳೆಬದಿಯ ಆವೆಮಣ್ಣು ದೋಣಿಯಲ್ಲಿ ಬಂದು, ಮಿದಿಸಿಕೊಂಡು, ಅಚ್ಚಿಗೆ ಬಿದ್ದು, ನೆರಳಲ್ಲಿ ಒಣಗಿ, ಗೂಡಿನಲ್ಲಿ ಬೆಂದು ಹೆಂಚಾಗುವವರೆಗೆ ಅದನ್ನು ಎತ್ತಿ ಇಳಿಸುವ ಕೆಲಸದ ದೊಡ್ಡ ಪಾಲು ಹೆಂಗಸರದು. ಮುಳಿಹುಲ್ಲಿನ ಮಾಡಿನ ಕೆಳಗೆ ಬಾಳುತ್ತಿದ್ದ ಊರಿಗೆ ಕೆಂಪು ಮಾಡು ಬಂತು. ಹೆಂಚು ಹಡಗು ಹತ್ತಿ ಸಮುದ್ರ ದಾಟಿತು.

ಕಾರ್ಖಾನೆ ಹೆಂಚಿನ ಜೊತೆ ಗಂಟೆಯನ್ನೂ ತಂದಿತು, ಭಾನುವಾರವನ್ನೂ ತಂದಿತು. ಮುಂಬಯಿಯ ಗಿರಣಿ ಕಾರ್ಮಿಕರಿಗೆ ವಾರದ ರಜೆ ಸಿಕ್ಕಿದ್ದು ನಾರಾಯಣ ಮೇಘಾಜಿ ಲೋಖಂಡೆಯವರ ವರ್ಷಗಟ್ಟಲೆ ಹೋರಾಟದ ನಂತರ, 1890ರಲ್ಲಿ. ಮಿಷನ್ನಿನ ಕಾರ್ಖಾನೆಯಲ್ಲಿ ಭಾನುವಾರ ಕೆಲಸವಿಲ್ಲದ್ದು ದೇವರ ದಿನವೆಂದು. ಒಂದು ಹಕ್ಕಾಗಿ ಬಂತು, ಇನ್ನೊಂದು ಕೃಪೆಯಾಗಿ. ಅಂದಿನ ಕಾರ್ಮಿಕನಿಗೆ ಈ ವ್ಯತ್ಯಾಸ ದೊಡ್ಡದಾಗಿ ಕಂಡಿರಲಾರದು. ಕಾರ್ಖಾನೆ ಕೈಬದಲಾದಾಗ, ಮುಚ್ಚಿದಾಗ ಅದು ಕಾಣಿಸುತ್ತದೆ. ಮೊದಲನೇ ಮಹಾಯುದ್ಧದ ನಂತರ ಮಿಷನ್ನಿನ ಉದ್ಯಮಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು. ಆಮೇಲೆ ಕಾಂಕ್ರೀಟಿನ ತಾರಸಿ ಬಂತು, ಮಣ್ಣು ತುಟ್ಟಿಯಾಯಿತು, ಕಟ್ಟಿಗೆ ತುಟ್ಟಿಯಾಯಿತು. ಹೊಯ್ಗೆ ಬಜಾರ್, ಜೆಪ್ಪು, ಬೋಳಾರದ ಹೊಗೆಕೊಳವೆಗಳು ಒಂದೊಂದಾಗಿ ತಣ್ಣಗಾದವು. ಮನೆಗೆ ಹೋಗುವಾಗ ಭವಿಷ್ಯನಿಧಿ, ಗ್ರಾಚ್ಯುಟಿ ಸಿಕ್ಕಿದ್ದು ಹಾಜರಿ ಪುಸ್ತಕದಲ್ಲಿ ಹೆಸರಿದ್ದವರಿಗೆ.

ಹಾಜರಿ ಪುಸ್ತಕವೇ ಇಲ್ಲದ ಕೆಲಸ ಬೀಡಿ. ಮಂಗಳೂರು, ಬಂಟ್ವಾಳ, ಪುತ್ತೂರು, ಬೆಳ್ತಂಗಡಿಗಳ ಮನೆ ಜಗಲಿಗಳು ದಶಕಗಳ ಕಾಲ ಈ ಜಿಲ್ಲೆಯ ಅತಿ ದೊಡ್ಡ ಕಾರ್ಖಾನೆಯಾಗಿದ್ದವು, ಆದರೆ ಅದಕ್ಕೆ ಗೋಡೆಯಿರಲಿಲ್ಲ. ಮಧ್ಯಪ್ರದೇಶ, ಒಡಿಶಾದ ಕಾಡಿನಿಂದ ಎಲೆ ಬರುತ್ತದೆ, ಹೊಗೆಸೊಪ್ಪು ಬರುತ್ತದೆ, ಬ್ರಾಂಚಿನಲ್ಲಿ ತೂಕ ಮಾಡಿ ಕೊಡುತ್ತಾರೆ. ಎಲೆಯನ್ನು ನೀರಿಗೆ ಹಾಕಿ ಮೆದುಮಾಡಿ, ಅಳತೆಗೆ ಕತ್ತರಿಸಿ, ಮಡಿಲಲ್ಲಿ ಗೆರಸೆ ಇಟ್ಟುಕೊಂಡು ಸುರುಟಿ, ಬಾಯಿ ಮಡಚಿ, ನೂಲು ಸುತ್ತಬೇಕು. ಸಾವಿರಕ್ಕೆ ಇಷ್ಟು ಎಂದು ಮಜೂರಿ. ಬ್ರಾಂಚಿನಲ್ಲಿ ಚೆಕ್ಕರ್ ಆರಿಸಿ ಬದಿಗೆ ಹಾಕಿದ್ದಕ್ಕೆ ಮಜೂರಿಯಿಲ್ಲ, ಎಲೆ ಕಮ್ಮಿ ಬಿದ್ದರೆ ಕೈಯಿಂದ ಹಾಕಬೇಕು. ಕೆಲಸ ಎಷ್ಟು ಹೊತ್ತಿಗೆ ಶುರು, ಎಷ್ಟು ಹೊತ್ತಿಗೆ ಮುಗಿತಾಯ? ಅನ್ನ ಕುದಿಯುವಾಗ ಇಪ್ಪತ್ತೈದು, ಮಗು ಮಲಗಿದಾಗ ಇನ್ನೂರು, ರಾತ್ರಿ ದೀಪದಡಿ ಉಳಿದದ್ದು. ಶಾಲೆಯಿಂದ ಬಂದ ಮಕ್ಕಳು ಕುಳಿತು ಬಾಯಿ ಮಡಚುತ್ತಿದ್ದರು. ಎಂಟು ಗಂಟೆಯ ಬೇಡಿಕೆ ಈ ಜಗಲಿಗೆ ಎಲ್ಲಿಂದ ಹತ್ತಬೇಕು?

ಆದರೂ ಹತ್ತಿಸಲು ಒಂದು ಪ್ರಯತ್ನ ನಡೆಯಿತು, ಅದೇ 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ. ನನ್ನ ಅಭಿಪ್ರಾಯದಲ್ಲಿ ಮೇ ಒಂದರಂದು ಕರಾವಳಿ ನೆನೆಯಬೇಕಾದ ಮೊದಲ ಸಂಗತಿ ಇದು. ಮನೆಯಲ್ಲೇ ಕುಳಿತು, ಗುತ್ತಿಗೆದಾರನ ಮೂಲಕ ಬೀಡಿ ಕಟ್ಟುವವಳೂ ಕಂಪನಿಯ ಕಾರ್ಮಿಕಳೇ ಎಂದು ಆ ಕಾಯ್ದೆ ಹೇಳಿತು. ಇಪ್ಪತ್ತು ದಿನದ ದುಡಿಮೆಗೆ ಒಂದು ದಿನದ ಸಂಬಳ ಸಹಿತ ರಜೆ ಎಂದೂ ಹೇಳಿತು. ಕಂಪನಿಗಳಿಗೆ ಇದು ಸಹ್ಯವಾಗಲಿಲ್ಲ. ಕೇರಳ ಸರ್ಕಾರ ಕಾಯ್ದೆಯನ್ನು ಜಾರಿಮಾಡಲು ಹೊರಟಾಗ ಮಂಗಳೂರು ಗಣೇಶ್ ಬೀಡಿ ಕಂಪನಿ 1968ರಲ್ಲಿ ಅಲ್ಲಿನ ಬ್ರಾಂಚುಗಳನ್ನು ಮುಚ್ಚಿತು. ಕಣ್ಣೂರಿನ ಆಸುಪಾಸಿನಲ್ಲಿ ಸುಮಾರು 12 ಸಾವಿರ ಜನ ಒಮ್ಮೆಲೇ ಕೆಲಸ ಕಳೆದುಕೊಂಡರು. ಮರುವರ್ಷ ಅವರು ಸೇರಿ ಕಟ್ಟಿದ್ದು ದಿನೇಶ್ ಬೀಡಿ ಸಹಕಾರಿ. ಅತ್ತ ಕಾಯ್ದೆಯೇ ಅಸಿಂಧುವೆಂದು ಕಂಪನಿಗಳು ಸುಪ್ರೀಂ ಕೋರ್ಟಿನವರೆಗೆ ಹೋದವು. 1974ರಲ್ಲಿ ನ್ಯಾಯಾಲಯ ಕಾಯ್ದೆಯನ್ನು ಎತ್ತಿಹಿಡಿಯಿತು. ಆ ತೀರ್ಪಿಗೆ ಕಾನೂನಿನ ಪುಸ್ತಕಗಳಲ್ಲಿ ಇರುವ ಹೆಸರಿನಲ್ಲೇ ನಮ್ಮೂರು ಇದೆ.

ಪಾಸ್ ಬುಕ್ಕು ಬಂತು, ಭವಿಷ್ಯನಿಧಿ ಬಂತು, ಬೋನಸ್ಸು, ರಜೆ ಸಂಬಳ ಬಂತು. ಇದೆಲ್ಲ ತಾನಾಗಿ ಬರಲಿಲ್ಲ. ಪಾಸ್ ಬುಕ್ಕಿನಲ್ಲಿ ಹೆಸರು ಏರದೆ ಅತ್ತೆಯ ಲೆಕ್ಕದಲ್ಲಿ ಕಟ್ಟಿದ ಸೊಸೆಯಂದಿರು ಎಷ್ಟೋ ಮಂದಿ. ಆದರೂ ಕರಾವಳಿಯ ಮಧ್ಯಮವರ್ಗದ ಒಂದು ಪೀಳಿಗೆ ಶಾಲೆಯ ಫೀಸು ಕಟ್ಟಿದ್ದು, ಅಕ್ಕಂದಿರ ಕೊರಳಿಗೆ ಚಿನ್ನ ಬಂದದ್ದು ಈ ಸಾವಿರದ ಲೆಕ್ಕದಲ್ಲಿ. ಹೊಗೆಸೊಪ್ಪಿನ ಧೂಳು ಅದೇ ಮನೆಯ ಎದೆಯಲ್ಲೂ ಕುಳಿತಿತು. ಈಗ ಬೀಡಿಗೆ ಬೇಡಿಕೆ ಇಳಿಯುತ್ತಿದೆ, ಕಟ್ಟುವವರು ಬಹುತೇಕ ವಯಸ್ಸಾದವರು. ಧೂಮಪಾನ ಇಳಿದದ್ದು ಒಳ್ಳೆಯದೇ. ಆದರೆ 2017ರಲ್ಲಿ ಜಿಎಸ್‌ಟಿ ಬಂದಾಗ ಬೀಡಿಯ ಮೇಲಿದ್ದ ಕಲ್ಯಾಣ ಸುಂಕ ರದ್ದಾಯಿತು, ಮಕ್ಕಳ ವಿದ್ಯಾರ್ಥಿವೇತನ, ಆಸ್ಪತ್ರೆಗಳಿಗೆಂದು ಇದ್ದ ಪ್ರತ್ಯೇಕ ಹಣದ ಮೂಲ ಬತ್ತಿತು. 1966ರ ಕಾಯ್ದೆಯನ್ನೇ 2020ರಲ್ಲಿ ಸಂಸತ್ತು ಒಪ್ಪಿದ ಹೊಸ ಸಂಹಿತೆಯೊಂದರೊಳಗೆ ಕರಗಿಸಲಾಗಿದೆ. ಗೋಡೆಯಿಲ್ಲದ ಕಾರ್ಖಾನೆ ಸದ್ದಿಲ್ಲದೆ ಮುಚ್ಚಬಹುದು, ಗೇಟಿಗೆ ನೋಟಿಸು ಅಂಟಿಸುವ ಅಗತ್ಯವೂ ಇಲ್ಲ.

ಬೀಡಿಯ ಅಕ್ಕನಿಗೆ ಒಬ್ಬ ತಮ್ಮನಿದ್ದಾನೆ, ಪಿಗ್ಮಿ ಸಂಗ್ರಾಹಕ. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಶುರುಮಾಡಿದ ಯೋಜನೆಯಿದು. ದಿನಕ್ಕೆ ಎರಡಾಣೆಯಾದರೂ ಸರಿ, ಮನೆ ಬಾಗಿಲಿಗೆ, ಅಂಗಡಿ ಕಟ್ಟೆಗೆ ಬಂದು ಸಂಗ್ರಹಿಸುವುದು. ನೇಕಾರರು, ಕೂಲಿಗಳು, ಮೀನು ಮಾರುವವರ ಉಳಿತಾಯದ ಮೇಲೆ ಬ್ಯಾಂಕು ಬೆಳೆಯಿತು. ಸಂಗ್ರಾಹಕನಿಗೆ ಸಂಬಳವಿಲ್ಲ, ಕಮಿಷನ್ನು. ಅವನು ನೌಕರನಲ್ಲ, ಏಜೆಂಟ್ ಎಂದು ಬ್ಯಾಂಕುಗಳು ವಾದಿಸಿದವು. 2001ರಲ್ಲಿ ಸುಪ್ರೀಂ ಕೋರ್ಟ್ ಆ ವಾದ ಒಪ್ಪಲಿಲ್ಲ, ಇವರೂ ಕಾರ್ಮಿಕರೇ ಎಂದಿತು. ಯೋಜನೆಗೂ ತೀರ್ಪಿಗೂ ನಡುವೆ ಎಪ್ಪತ್ತಮೂರು ವರ್ಷ. ಮೇ ಒಂದರಂದು ಬ್ಯಾಂಕಿಗೆ ಬೀಗ ಬಿದ್ದಾಗ, ಕಮಿಷನ್ನಿನ ಮೇಲೆ ಬದುಕುವವನಿಗೆ ಅದು ಒಂದು ದಿನದ ಸಂಗ್ರಹ ತಪ್ಪಿದ ಲೆಕ್ಕ.

ಇಲ್ಲಿ ಧರ್ಮದ ಮಾತನ್ನೂ ಆಡಬೇಕು, ಏಕೆಂದರೆ ದುಡಿಮೆಯ ಹೊಗಳಿಕೆ ಹೆಚ್ಚು ಕೇಳಿಸುವುದು ಆ ಕಡೆಯಿಂದ. 1955ರಲ್ಲಿ ಪೋಪ್ ಹನ್ನೆರಡನೇ ಪಯಸ್ ಮೇ 1ನ್ನು ಕಾರ್ಮಿಕ ಸಂತ ಜೋಸೆಫರ ಹಬ್ಬವೆಂದು ಸಾರಿದರು, ಕೆಂಬಾವುಟದ ದಿನಕ್ಕೆ ಪ್ರತಿಯಾಗಿ ಎನ್ನುವುದು ಗುಟ್ಟೇನಲ್ಲ. ವಾಮಂಜೂರಿನ ಇಗರ್ಜಿಗೆ ಆ ಬಡಗಿ ಸಂತನದೇ ಹೆಸರು. ರಥಬೀದಿಯ ಕಾಳಿಕಾಂಬಾ ದೇವಳ ಬಡಗಿ, ಕಮ್ಮಾರ, ಅಕ್ಕಸಾಲಿಗರದು. ಇನ್ನು ಕಾಯಕವೆಂದರೆ ಕನ್ನಡಿಗರೆಲ್ಲರಿಗೂ ಹನ್ನೆರಡನೇ ಶತಮಾನದ ಶರಣರು ನೆನಪಾಗುತ್ತಾರೆ, ಯಾವ ಆಡಳಿತ ಮಂಡಳಿಯ ಭಾಷಣವೂ ಅವರಿಲ್ಲದೆ ಮುಗಿಯುವುದಿಲ್ಲ. ಆ ಭಾಷಣಗಳಲ್ಲಿ ಆಯ್ದಕ್ಕಿ ಲಕ್ಕಮ್ಮ ಮಾತ್ರ ಕಾಣೆ. ಗಂಡ ಮಾರಯ್ಯ ಎಂದಿನದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ಕಳಿಸಿದವಳು ಆಕೆ. ಕಾಯಕಕ್ಕೆ ಸಾಕು ಎನ್ನುವ ಗೆರೆಯಿದೆ ಎಂದವಳು. ಆಕೆಯನ್ನು ಉದ್ಧರಿಸಿದರೆ ಓವರ್‌ಟೈಮಿನ ಮಾತು ಎತ್ತುವುದು ಕಷ್ಟವಾದೀತು.

ಪಣಂಬೂರಿನ ನವ ಮಂಗಳೂರು ಬಂದರು 1975ರಲ್ಲಿ ಉದ್ಘಾಟನೆಯಾಯಿತು, ಗೊಬ್ಬರದ ಕಾರ್ಖಾನೆ, ಕುದುರೆಮುಖದ ಅದಿರು, ತೈಲ ಶುದ್ಧೀಕರಣ ಅದರ ಸುತ್ತ ಬೆಳೆದವು. ಅಲ್ಲಿ ಮೇ ಒಂದರ ಪ್ರಶ್ನೆ ಸರಳ: ಖಾಯಂ ಆದವರಿಗೆ ಇದೆ, ಗುತ್ತಿಗೆಯವರಿಗೆ ಗುತ್ತಿಗೆದಾರನ ಮರ್ಜಿ. ಹಳೆ ಬಂದರಿನ ಧಕ್ಕೆಯಲ್ಲಿ ಕಥೆ ಬೇರೆ. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧ. ಮೀನು ಮರಿ ಹಾಕಲಿ ಎಂದು ಸಮುದ್ರಕ್ಕೆ ಕೊಟ್ಟ ರಜೆ, ಹೆಚ್ಚುಕಡಿಮೆ ಕಡಲಿನ ಕೆಡ್ಡಸ. ದೋಣಿಯ ಕೆಲಸಗಾರರಲ್ಲಿ ಬಹುಮಂದಿ ಆಂಧ್ರ, ಒಡಿಶಾ, ಜಾರ್ಖಂಡ್, ತಮಿಳುನಾಡಿನವರು, ಅವರು ಮೇ ಕೊನೆಗೆ ಗಂಟು ಕಟ್ಟುತ್ತಾರೆ. ಮಂಜುಗಡ್ಡೆಯವನು, ಬಲೆ ಹೆಣೆಯುವವನು, ಬುಟ್ಟಿ ಹೊತ್ತು ಮನೆಮನೆಗೆ ಹೋಗುವ ಮೊಗವೀರ ಹೆಂಗಸು, ಇವರ 61 ದಿನದ ಲೆಕ್ಕ ಅವರವರ ಮನೆಯದು.

2020ರ ಮೇ ಒಂದನ್ನು ಪ್ರತ್ಯೇಕವಾಗಿ ಹೇಳಬೇಕು. ವಲಸೆ ಕಾರ್ಮಿಕರನ್ನು ಊರಿಗೆ ಮುಟ್ಟಿಸುವ ಮೊದಲ ಶ್ರಮಿಕ್ ರೈಲು ಹೊರಟದ್ದು ಅದೇ ದಿನ, ತೆಲಂಗಾಣದಿಂದ ಜಾರ್ಖಂಡಿಗೆ. ಮರುವಾರವೇ ಕರ್ನಾಟಕ ಸರ್ಕಾರ ಬಿಲ್ಡರುಗಳ ಜೊತೆ ಮಾತಾಡಿ ರೈಲುಗಳನ್ನು ರದ್ದುಮಾಡಿತು, ಟೀಕೆ ಎದ್ದ ಮೇಲೆ ಮತ್ತೆ ಬಿಟ್ಟಿತು. ಊರಿಗೆ ಹೋಗುವುದು ಕೂಡ ಇನ್ನೊಬ್ಬರ ಒಪ್ಪಿಗೆಯ ಮೇಲಿದ್ದ ಜನ ಮಂಗಳೂರಿನ ರೈಲು ನಿಲ್ದಾಣದ ಎದುರೂ ಜಮಾಯಿಸಿದರು. ಈ ನಗರದ ಹತ್ತು ಇಪ್ಪತ್ತು ಮಹಡಿಗಳನ್ನು ಎತ್ತಿದ ಗದಗ, ಬಾಗಲಕೋಟೆ, ಬಿಹಾರ, ಬಂಗಾಳದವರನ್ನು ಊರು ಮೊದಲ ಸಲ ಗುಂಪಾಗಿ ಕಂಡದ್ದು ಅಂದು. ಅದೇ ತಿಂಗಳು ರಾಜ್ಯ ಕಾರ್ಖಾನೆಗಳ ದಿನದ ದುಡಿಮೆಯನ್ನು ಹತ್ತು ಗಂಟೆಗೆ ಏರಿಸಿ, ಪ್ರಕರಣ ಹೈಕೋರ್ಟಿಗೆ ಹೋದ ಮೇಲೆ ಜೂನಿನಲ್ಲಿ ಹಿಂದೆಗೆಯಿತು. 2023ರಲ್ಲಿ ತಿದ್ದುಪಡಿಯೇ ಬಂತು: ವಾರಕ್ಕೆ 48 ಗಂಟೆ ಮೀರದಿದ್ದರೆ ದಿನಕ್ಕೆ 12 ಗಂಟೆಯವರೆಗೂ ದುಡಿಸಬಹುದು. ಷಿಕಾಗೋದವರು ಕೇಳಿದ್ದು ದಿನದ ಲೆಕ್ಕ, ನಾವೀಗ ವಾರದ ಲೆಕ್ಕಕ್ಕೆ ಬಂದಿದ್ದೇವೆ.

ಹೊಸ ಪಿಗ್ಮಿ ಹುಡುಗರು ಬೈಕಿನ ಮೇಲಿದ್ದಾರೆ, ಬೆನ್ನಿಗೆ ಊಟದ ಪೆಟ್ಟಿಗೆ. ಹಂಪನಕಟ್ಟೆಯಿಂದ ಕದ್ರಿಗೆ, ದೇರಳಕಟ್ಟೆಯ ಹಾಸ್ಟೆಲುಗಳಿಗೆ ಓಡುವ ಇವರನ್ನು ಕಂಪನಿಗಳು ಪಾಲುದಾರರು ಎನ್ನುತ್ತವೆ. ಬ್ಯಾಂಕು ಏಜೆಂಟ್ ಎಂದಿತ್ತು, ಬೀಡಿ ಕಂಪನಿ ಗುತ್ತಿಗೆದಾರನ ಕಡೆ ಬೆರಳು ತೋರಿತ್ತು. ಗೆರೆಯನ್ನು ಎಳೆಯುವ ಕೈ ಬದಲಾದರೂ ಎಳೆಯುವ ವಿಧಾನ ಒಂದೇ. ಗಿಗ್ ಕಾರ್ಮಿಕರಿಗಾಗಿ ಕರ್ನಾಟಕ 2025ರಲ್ಲಿ ತಂದ ಕಾನೂನು ಪ್ರತಿ ವಹಿವಾಟಿನ ಮೇಲೆ ಶೇ 1ರಿಂದ 5ರ ಕಲ್ಯಾಣ ಶುಲ್ಕ, ಮಂಡಳಿ, ನೋಂದಣಿಗಳನ್ನು ಕೊಡುತ್ತದೆ. ಒಳ್ಳೆಯ ಹೆಜ್ಜೆಯೇ. ಆದರೆ ಕಲ್ಯಾಣ ನಿಧಿ ಬೇರೆ, ಕಾರ್ಮಿಕನೆಂಬ ಸ್ಥಾನ ಬೇರೆ. ಬಿಸಿಲಿನ ಮಾತೂ ಉಂಟು. ನಮ್ಮೂರಿನ ಸಾವಿರಾರು ಮಂದಿ ದುಡಿಯುವ ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಯಲಿನ ಕೆಲಸ ಮಾಡಿಸುವಂತಿಲ್ಲ. ಅಲ್ಲಿನ ಸೈಟಿನಲ್ಲಿ ಈ ಬಿಡುವು ಅನುಭವಿಸಿ ಬಂದ ಮೇಸ್ತ್ರಿ, ಇಲ್ಲಿ ಮನೆ ಕಟ್ಟಿಸುವಾಗ ಅದನ್ನು ಯಾರಿಗಾದರೂ ಕೊಡುತ್ತಾನೆಯೇ ಎಂಬುದು ನನ್ನ ತಕರಾರು.

ಬೀಡಿ ಕಟ್ಟಿದವಳ ಮಗಳು ಇಂದು ಬೀಡಿ ಕಟ್ಟುವುದಿಲ್ಲ. ಅವಳು ನಗರದ ಜವಳಿ ಮಳಿಗೆಯಲ್ಲಿ, ಚಿನ್ನದಂಗಡಿಯಲ್ಲಿ, ಮಾಲಿನಲ್ಲಿ ಸಮವಸ್ತ್ರ ತೊಟ್ಟು ನಿಂತಿದ್ದಾಳೆ. ಬೆಳಿಗ್ಗೆ ಬಸ್ಸಿನಲ್ಲಿ ನಿಂತು ಬಂದವಳು, ಗಿರಾಕಿ ಇರಲಿ ಇಲ್ಲದಿರಲಿ, ರಾತ್ರಿಯವರೆಗೆ ನಿಂತೇ ಇರಬೇಕು. 1961ರ ಅಂಗಡಿ ಮುಂಗಟ್ಟುಗಳ ಕಾಯ್ದೆ ಅವಳಿಗೆ ದಿನಕ್ಕೆ ಒಂಬತ್ತು ಗಂಟೆಯ ಮಿತಿ, ವಾರಕ್ಕೊಂದು ರಜೆ ಕೊಟ್ಟಿದೆ. ಹಬ್ಬದ ಸೀಸನ್ನಿನಲ್ಲಿ ಅದು ಎಷ್ಟು ನಡೆಯುತ್ತದೆಂದು ಸಂಜೆಯ ಕೊನೆಯ ಬಸ್ಸಿನಲ್ಲಿ ಕೇಳಿನೋಡಬಹುದು. ಕೋಝಿಕ್ಕೋಡಿನ ಮಿಠಾಯಿ ತೆರುವಿನ ಅಂಗಡಿಗಳ ಹೆಂಗಸರು ಇದೇ ಕಾರಣಕ್ಕೆ ‘ಪೆಣ್‌ಕೂಟ್ಟ್’ ಎಂಬ ಸಂಘಟನೆ ಕಟ್ಟಿ ವರ್ಷಗಟ್ಟಲೆ ಹಠ ಹಿಡಿದರು. 2018ರಲ್ಲಿ ಕೇರಳ ತನ್ನ ಕಾಯ್ದೆ ತಿದ್ದಿ, ಕೆಲಸದ ನಡುವೆ ಕೂರಲು ಆಸನ ಕೊಡುವುದನ್ನು ಕಡ್ಡಾಯ ಮಾಡಿತು. 2021ರಲ್ಲಿ ತಮಿಳುನಾಡು ಹಿಂಬಾಲಿಸಿತು. ತಲಪಾಡಿ ಗಡಿಯ ಆಚೆಗಿರುವ ಆ ಕುರ್ಚಿ ಈಚೆ ಬರಲು ಚಳವಳಿಯ ಇತಿಹಾಸವೇನೂ ಬೇಕಿಲ್ಲ, ಮಾಲೀಕರ ಸಂಘದ ಒಂದು ನಿರ್ಣಯ ಸಾಕು. ಮುಂದಿನ ಮೇ ಒಂದರ ಮೆರವಣಿಗೆಯ ಬೇಡಿಕೆಪಟ್ಟಿಯಲ್ಲಿ ಕನಿಷ್ಠ ವೇತನ, ಪಿಂಚಣಿಗಳ ಜೊತೆ ಇದನ್ನೂ ಬರೆಯಬಹುದು, ಮತ್ತು ಆ ಪಟ್ಟಿಯನ್ನು ಜಿಲ್ಲಾಧಿಕಾರಿ ಕಚೇರಿಗೆ ಒಯ್ಯುವ ಮೊದಲು ಮಾರುಕಟ್ಟೆಯ ಒಂದೊಂದೇ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಇಡಬಹುದು.